ಅಕ್ಕಣಿಯ ಬಾವಿಯ ಹಾವುಮೀನು

ನಾನು ಒಂದು ಹಾವುಮೀನು. ಕಡಲಿನಿಂದ ಹೊರಟು, ಏಳು ಹೊಳೆಗಳ ನೀರು ಕುಡಿದು, ಎದುರಿಗೆ ಬಂದ ಮೊಸಳೆಯನ್ನು ಒಂದೇ ಬಾಲದ ಏಟಿಗೆ ಓಡಿಸಿದವಳು. ಇದರಲ್ಲಿ ಅರ್ಧ ಸುಳ್ಳು. ಹೊಳೆ ಒಂದೇ. ಮೊಸಳೆ ನಿಜ, ಆದರೆ ಓಡಿದ್ದು ಯಾರು ಎಂದು ಕೇಳಬೇಡಿ.

ಹುಟ್ಟಿದ್ದು ಕಡಲಿನ ಯಾವುದೋ ಆಳದಲ್ಲಿ. ತಾಯಿಯ ಮುಖ ನೋಡಿದವಳಲ್ಲ. ಆಗ ನಾನು ಎಲೆಯ ಹಾಗೆ ಚಪ್ಪಟೆ, ಗಾಜಿನ ಹಾಗೆ ತೆಳು. ತೇಲುತ್ತ ತೇಲುತ್ತ ದಡದ ಹತ್ತಿರ ಬಂದಾಗ ನೀರಿನಲ್ಲಿ ಮಣ್ಣಿನ ರುಚಿ ಸಿಕ್ಕಿತು. ಕಡಲಲ್ಲಿ ಬಾಯಿಗಳು ಹೆಚ್ಚು, ತುತ್ತು ಕಡಿಮೆ. ಹೊಳೆಯಲ್ಲಿ ಹುಳ, ಸಿಗಡಿ, ಏಡಿ, ಅಡಗಲು ಮರದ ಬೇರು. ಹೊಟ್ಟೆಪಾಡಿಗೆ ಹೊಳೆ ಹತ್ತಿದೆವು. ನಮ್ಮ ಗಂಡಸರು ಸೋಮಾರಿಗಳು, ಹೊಳೆ ಕಡಲು ಸೇರುವ ಅಳಿವೆಯ ಹತ್ತಿರವೇ ಉಳಿದರು. ನನಗೆ ಇಷ್ಟವಾದವನೊಬ್ಬ ಅಲ್ಲೇ ಬಲೆಗೆ ಬಿದ್ದನಂತೆ. ನಮಗೆ ಮದುವೆಯೇ ಆಗಿರಲಿಲ್ಲ. ಆದರೂ ಅಂದಿನಿಂದ ನಾನು ವಿಧವೆ ಎಂದೇ ಹೇಳಿಕೊಳ್ಳುತ್ತೇನೆ. ಕೇಳಿದವರು ಸ್ವಲ್ಪ ಮರ್ಯಾದೆ ಕೊಡುತ್ತಾರೆ.

ಬೆರಳುದ್ದ ಇದ್ದಾಗ ನನ್ನನ್ನು ಹಿಡಿದವನು ಕುಷ್ಟ ಮರಕಾಲ. ತೆಂಗಿನ ಕರಟದಲ್ಲಿ ಹೊತ್ತು ತಂದು ಮನೆಯ ಹೊಸ ಬಾವಿಗೆ ಬಿಟ್ಟ. ಮೀನಿದ್ದರೆ ಹುಳ ಆಗುವುದಿಲ್ಲ, ನೀರು ಹಸನಾಗಿರುತ್ತದೆ ಎಂಬ ಲೆಕ್ಕ. ಕೆಲವು ವರ್ಷಕ್ಕೆ ಅವನು ಜ್ವರ ಬಂದು ತೀರಿಕೊಂಡ. ನಾನು ಅವನ ಹೆಂಡತಿ ಅಕ್ಕಣಿಯ ಪಾಲಿಗೆ ಬಂದೆ.

ಇಪ್ಪತ್ತೆರಡು ವರ್ಷ ಆಕಾಶ ನನಗೆ ಒಂದು ಊಟದ ತಟ್ಟೆಯಷ್ಟು. ಆ ತಟ್ಟೆಯ ಅಂಚಿನಲ್ಲಿ ಅಕ್ಕಣಿಯ ಮುಖ ಕಾಣುತ್ತಿತ್ತು, ಆಮೇಲೆ ಕೊಡಪಾನ ಇಳಿಯುತ್ತಿತ್ತು. ನಾನು ಕೊಡಪಾನವನ್ನು ಎಂದೂ ನಂಬಲಿಲ್ಲ. ಇಳಿಯುವುದು ಖಾಲಿ, ಹತ್ತುವುದು ತುಂಬಿ. ಅಂಥವರ ಸಹವಾಸ ಒಳ್ಳೆಯದಲ್ಲ.

ಪ್ರತಿ ಬೇಸಿಗೆಯ ಕೊನೆಗೆ ಹೆರಿಯಣ್ಣ ಬಾವಿಗಿಳಿದು ಕೆಸರು ತೆಗೆಯುತ್ತಿದ್ದ. ಕುಷ್ಟನ ಹಳೆಯ ಗೆಳೆಯ. ಅಳಿವೆಯ ಬಾಯಲ್ಲಿ ಬಲೆ ಕಟ್ಟಿ ಬದುಕುವವನು. ನಶ್ಯ ಏರಿಸಿ ಅವನು ಸೀನಿದರೆ ಬಾವಿಗೆ ಬಾವಿಯೇ ಸೀನುತ್ತಿತ್ತು. ನನ್ನನ್ನು ಹಂಡೆಗೆ ಹಾಕುವ ಮೊದಲು ಕೈಯಲ್ಲಿ ತೂಗಿ ನೋಡುತ್ತಿದ್ದ. ತೂಗುವ ಕೈಯನ್ನೂ ನಾನು ನಂಬಲಿಲ್ಲ.

ಕೆಸರು ತೆಗೆದ ಮೇಲೆ ಆ ಮನೆಯಲ್ಲಿ ಒಂದು ಕ್ರಮ ಇತ್ತು. ಮೊದಲು ನನ್ನನ್ನು ಹೊಸ ನೀರಿಗೆ ಬಿಡುವುದು. ಒಂದು ಹಿಡಿ ಅನ್ನ ಎಸೆಯುವುದು. ನಾನು ಉಂಡ ಮೇಲೆಯೇ ಮನೆಯವರು ನೀರು ಸೇದುವುದು. ನಾನು ಆ ಮನೆಯ ಹಿರಿಯಳು ಎಂದಾಯಿತಲ್ಲ.

ಈ ವರ್ಷ ನಾನು ಉಣ್ಣಲಿಲ್ಲ.

ಹಟದಿಂದಲ್ಲ. ಹೊಟ್ಟೆ ಒಳಗೆ ಮುದುಡಿಕೊಂಡಿತ್ತು. ಕಣ್ಣು ದಿನದಿಂದ ದಿನಕ್ಕೆ ದೊಡ್ಡದಾಗುತ್ತಿತ್ತು. ಅರಸಿನದಂತಿದ್ದ ಹೊಟ್ಟೆ ಬೆಳ್ಳಗಾಗಿತ್ತು. ಬಾಯಲ್ಲಿ ಎಂದೋ ಮರೆತ ಉಪ್ಪಿನ ನೆನಪು. ಅಕ್ಕಣಿ ಮೂರು ದಿನ ಅನ್ನ ಎಸೆದಳು. ಮೂರು ದಿನ ಶಾಲೆಯ ನಲ್ಲಿಯಿಂದ ನೀರು ಹೊತ್ತಳು. ನಾಲ್ಕನೆಯ ದಿನ ಹೆರಿಯಣ್ಣನನ್ನು ಕರೆಸಿದಳು.

"ಹೆರಿಯಣ್ಣ, ಬಾವಿಗ್ ಎಂತ ಹಾಕಿದ್ದೆ?"

"ಎಂತ ಹಾಕುದ್ ಅತ್ತಿಗೆ? ಕೆಸರ್ ತೆಗ್ದದ್ದ್ ಅಷ್ಟೇ."

"ಹಾಂಗಾರೆ ನೀನೇ ಒಂದ್ ಚೊಂಬ್ ಕುಡಿ, ಕಾಂಬ."

ಅವನು ನೀರು ಸೇದಿ ಗಟಗಟ ಕುಡಿದ. "ಕಾಣಿ. ಸತ್ತಿಲ್ಲೆ."

"ನಾಳೆವರೆಗೆ ಕಾಂಬ," ಎಂದಳು ಅಕ್ಕಣಿ.

ಮರುದಿನವೂ ಅವನು ಬದುಕಿದ್ದ. ಬಾವಿಗಿಳಿದು ನನ್ನನ್ನು ಬುಟ್ಟಿಯಲ್ಲಿ ಮೇಲಕ್ಕೆ ತಂದ. ಈ ಸಲ ತೂಗಲಿಲ್ಲ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಅತ್ತಿಗೆ, ಇದರ ಕಣ್ಣ್ ಕಾಣಿ. ಹೊಟ್ಟಿ ಬೆಳ್ಳಿ ಆಯ್ತ್. ಇದಕ್ಕೆ ಕಾಯ್ಲೆ ಅಲ್ಲ. ಮೊಟ್ಟಿ ಇಡುಕೆ ಕಡ್ಲಿಗ್ ಹೋಪುಕೆ ಹೊರ್ಟದ್ದ್."

"ಬಾವ್ಯಂಗೆ ಇಪ್ಪುದ್ ಒಂದೇ ಮೀನ್. ಬಸ್ರಿ ಮಾಡಿದ್ದ್ ಯಾರ್, ನೀನಾ?"

ಹೆರಿಯಣ್ಣ ನಗಲಿಲ್ಲ. ಗಂಡು ಮೀನು ಕಡಲಲ್ಲಿ ಸಿಗುತ್ತದೆ, ಈ ಜಾತಿಯ ಮೊಟ್ಟೆ ಸಿಹಿನೀರಲ್ಲಿ ಮರಿಯಾಗುವುದಿಲ್ಲ, ಇಲ್ಲೇ ಇಟ್ಟುಕೊಂಡರೆ ಉಣ್ಣದೆ ಸಾಯುತ್ತದೆ ಎಂದ. "ಹೆರುಕೆ ತವರಿಗ್ ಹೋಪುದಿಲ್ಲ್ಯಾ, ಹಾಂಗೆ. ಮಳೆ ಬಂದ್ ಹೊಳಿ ಕೆಂಪಾದ್ ಕೂಡ್ಲೆ ಬಿಡಿ."

ಅಕ್ಕಣಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಳಿವೆ ಬಾಯಂಗೆ ಮೀನಿಗ್ ಕಟ್ಟಿದ್ ಬಲಿ ಯಾರ್ದ್?"

"ನಂದೇ."

"ಹಾಂಗೆ ಹೇಳ್. ನನ್ನ ಕೈಯಂಗೆ ಬಿಡ್ಸಿ, ನಿನ್ನ ಸಾರಿಗ್ ಹಾಕುದಾ? ಆ ದಿನ ಬಲಿ ತೆಗಿ."

"ಹೊಸ ನೀರಿಗೇ ಮೀನ್ ಬಪ್ಪುದ್ ಅತ್ತಿಗೆ. ಅಂದ್ ಬಲಿ ತೆಗ್ದ್ರೆ ವರ್ಷ ಇಡೀ ಎಂತ ತಿಂಬುದ್?"

ಇಬ್ಬರೂ ಮುಖ ತಿರುಗಿಸಿಕೊಂಡರು. ನನ್ನನ್ನು ಮತ್ತೆ ಬಾವಿಗೆ ಬಿಟ್ಟರು. ನಾನು ತಳದಲ್ಲಿ ಸುತ್ತಿಕೊಂಡು ಯೋಚಿಸಿದೆ. ಅಕ್ಕಣಿ ಹೇಳಿದ್ದೇ ಸರಿ ಎನಿಸಿತು. ತವರಿನ ದಾರಿ ತೋರಿಸುವವನ ಬಲೆ ಆ ದಾರಿಯಲ್ಲೇ ಇದ್ದರೆ ಏನು ತಿಳಿಯಬೇಕು?

ಮಳೆ ಬಂತು. ಹೊಳೆ ಕೆಂಪಾದ ಬೆಳಿಗ್ಗೆಯೇ ಅಕ್ಕಣಿ ನನ್ನನ್ನು ಕೊಡಪಾನದಲ್ಲಿ ಸೇದಿ, ಅದರ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ಸೊಂಟಕ್ಕೇರಿಸಿದಳು. ನಾನು ನಂಬದ ಕೊಡಪಾನವೇ ನನ್ನ ಪಲ್ಲಕ್ಕಿಯಾಯಿತು. ಹೊಳೆಯ ದಡದಲ್ಲಿ ಬಟ್ಟೆ ಬಿಚ್ಚಿ, ಕೊನೆಯ ಸಲ ಒಂದು ಹಿಡಿ ಅನ್ನ ಹಾಕಿದಳು. ನಾನು ಮುಟ್ಟುವುದಿಲ್ಲ ಎಂದು ಗೊತ್ತಿದ್ದೂ ಹಾಕಿದಳು.

"ಹೋಗ್," ಎಂದಳು. "ಅವನ ಬಲಿಗ್ ಬಿದ್ರೆ ನಾ ನಿನ್ನ ಮುಖ ಕಾಂಬುದಿಲ್ಲೆ."

ಕೆಂಪು ನೀರು ನನ್ನನ್ನು ಎಳೆದುಕೊಂಡು ಹೋಯಿತು. ಅಳಿವೆಯ ಹತ್ತಿರ ಬೆಳ್ಳಿ ಮೈಯ ಮುಳ್ಳುಮೀನೊಂದು ಎದುರು ಬಂತು. ಅದು ಬೆಳೆದದ್ದು ಕಡಲಲ್ಲಿ, ಮೊಟ್ಟೆ ಇಡಲು ಹೊಳೆಗೆ ಹೊರಟಿತ್ತು. ನಾವು ಒಬ್ಬರನ್ನೊಬ್ಬರು ನೋಡಿದೆವು. ಇವಳಿಗೆ ತಲೆ ಕೆಟ್ಟಿದೆ ಎಂದು ಇಬ್ಬರಿಗೂ ಅನಿಸಿತು. ಯಾರ ತವರು ಎಲ್ಲೋ, ಅಲ್ಲಿಗೇ ಅವರ ಮೂಗು ತಿರುಗುವುದು.

ಆಮೇಲೆ ಬಲೆ. ಈ ದಡದಿಂದ ಆ ದಡಕ್ಕೆ ಗೋಡೆಯ ಹಾಗೆ ನಿಂತಿತ್ತು. ಆಚೆ ಕಡೆ ಉಪ್ಪಿನ ವಾಸನೆ. ಮೂರು ಸಲ ಉದ್ದಕ್ಕೂ ಹೋಗಿ ಬಂದೆ. ಹೆರಿಯಣ್ಣನ ಬಲೆಯಲ್ಲಿ ಸಣ್ಣ ಹರಕೂ ಉಳಿಯುವುದಿಲ್ಲ ಎಂದು ಊರಿಗೇ ಗೊತ್ತು. ಆದರೆ ತಳದ ಮೂಲೆಯಲ್ಲಿ, ಕಲ್ಲಿನ ಪಕ್ಕ, ನನ್ನ ಮೈ ಹಿಡಿಯುವಷ್ಟೇ ಒಂದು ದಾರಿ. ಕತ್ತಿಯಲ್ಲಿ ನೇರವಾಗಿ ಕೊಯ್ದದ್ದು. ಕೊಯ್ದ ಅಂಚು ಮತ್ತೆ ಹರಿಯದ ಹಾಗೆ ಸುತ್ತ ಗಂಟು ಹಾಕಿದ್ದು.

ನಾನು ಒಮ್ಮೆಗೇ ನುಗ್ಗುವವಳಲ್ಲ. ಅಂಚಿಗೆ ಮೂಗಿಟ್ಟು ನೋಡಿದೆ. ಗಂಟಿನಲ್ಲಿ ನಶ್ಯದ ಘಾಟು ಇತ್ತು. ಕೊಯ್ದ ಕಡೆ, ಇಪ್ಪತ್ತೆರಡು ವರ್ಷ ನನಗೆ ಅನ್ನ ಹಾಕಿದ ಕೈಯ ವಾಸನೆ.

ಈಗ ನನ್ನ ಬಾಯ ತುಂಬ ಉಪ್ಪು. ಮುಂದೆ ಆಳ. ಅಲ್ಲಿಂದ ತಿರುಗಿ ಬಂದವರಿಲ್ಲ ಎನ್ನುತ್ತಾರೆ, ನೋಡೋಣ. ನನಗೆ ಉಳಿದಿರುವ ಸಂಶಯ ಒಂದೇ. ಅವಳು ಕದ್ದು ಬಂದು ಕೊಯ್ದು ಹೋದ ಮೇಲೆ ಅವನು ಕಂಡು, ಮುಚ್ಚದೆ ಅಂಚಿಗೆ ಗಂಟು ಹಾಕಿದನೋ? ಅಥವಾ ಮುಖ ತಿರುಗಿಸಿಕೊಂಡ ಆ ಇಬ್ಬರು ಮುದುಕರು ಸೊಂಟದ ತನಕ ನೀರಲ್ಲಿ ಒಟ್ಟಿಗೇ ನಿಂತಿದ್ದರೋ? ನಾನು ನೋಡಿಲ್ಲ. ನಿಮಗೆ ಏನನಿಸುತ್ತದೆ, ಹೇಳಿ.