ಯಾರ ಮನೆಯ ಕಿಡ್ನಿ

ನನ್ನ ಎಡಗಡೆಯ ಕಿಡ್ನಿ ಈಗ ತಂಗಿಯ ಹೊಟ್ಟೆಯ ಬಲಗಡೆ ಇದೆ. ಇಟ್ಟು ಏಳು ತಿಂಗಳಾಯಿತು. ಇಷ್ಟು ಹೇಳಿದರೆ ಸಾಕು, ಕೇಳಿದವರು ನನ್ನನ್ನು ದೊಡ್ಡ ಮನುಷ್ಯ ಮಾಡಿಬಿಡುತ್ತಾರೆ. ಕೊಡುವುದೇನೂ ಕಷ್ಟವಿರಲಿಲ್ಲ, ಮಲಗಿದೆ, ಎದ್ದಾಗ ಒಂದು ಕಡಿಮೆಯಿತ್ತು. ಅದನ್ನು ಅವಳ ಮೈ ಇಟ್ಟುಕೊಳ್ಳುವುದೇ ಕಷ್ಟ ಎಂದು ಆಸ್ಪತ್ರೆಯವರು ಹೇಳಿದ್ದರು. ನಾವು ತಲೆಯಾಡಿಸಿದ್ದೆವು, ಅಷ್ಟೆ.

ನಮ್ಮದು ಲಾಂಡ್ರಿ. ತೊಳೆಯುವುದು, ಇಸ್ತ್ರಿ ಮಾಡುವುದು ನಾನು. ಗಿರಾಕಿಗಳ ಜೊತೆ ಜಗಳವಾಡುವುದು ನನ್ನ ಹೆಂಡತಿ. ಬಟ್ಟೆಗಳಿಗೆ ಗುರುತು ಹಾಕುವುದು ತಂಗಿ. ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಾರೆ. ಕಾಲರ್ ಒಳಗೋ ಸೊಂಟದ ಪಟ್ಟಿಯಲ್ಲೋ ಕೆಂಪು ದಾರದಲ್ಲಿ ಮೂರು ಹೊಲಿಗೆ ಹಾಕಿದಳೆಂದರೆ, ನೂರು ಬಿಳಿ ಶರಟುಗಳ ರಾಶಿಯಲ್ಲಿ ಯಾವುದು ಯಾರ ಮನೆಯದೆಂದು ಬೆರಳಲ್ಲೇ ಹೇಳುತ್ತಾಳೆ.

ಆ ಸೋಮವಾರ ರಕ್ತಪರೀಕ್ಷೆಯ ಚೀಟಿ ನೋಡಿ ಡಾಕ್ಟರಮ್ಮನ ಹುಬ್ಬು ಗಂಟಾಯಿತು.

"ಕ್ರಿಯಾಟಿನಿನ್ ಎರಡು ಪಟ್ಟಾಗಿದೆ, ಅಂದ್ರೆ ಕಿಡ್ನಿ ರಕ್ತದ ಕಸ ಸರಿಯಾಗಿ ಸೋಸ್ತಿಲ್ಲ. ಮಾತ್ರೆ ಸರಿಯಾಗಿ ತಗೋತಿದ್ದೀರಾ?"

"ತಗೋತಿದೀನಿ," ಅಂದಳು ಗುಬ್ಬಿ. ಕಣ್ಣು ಡಾಕ್ಟರಮ್ಮನ ಕೋಟಿನ ಗುಂಡಿಗಳ ಮೇಲಿತ್ತು. ಸುಳ್ಳು ಹೇಳುವಾಗ ಅವಳು ಎದುರಿಗಿದ್ದವರ ಗುಂಡಿ ಎಣಿಸುತ್ತಾಳೆ.

ಡಾಕ್ಟರಮ್ಮ ಮತ್ತೊಮ್ಮೆ ಬಿಡಿಸಿ ಹೇಳಿದರು. "ರಕ್ತದಲ್ಲಿ ಬಿಳಿ ಕಣಗಳಿರ್ತವೆ. ಮೈಯೆಲ್ಲಾ ಸುತ್ತಿ ಪ್ರತಿ ಜೀವಕೋಶದ ಮೇಲಿರೋ ಗುರುತು ನೋಡ್ತವೆ. ಮನೇದಾದ್ರೆ ಸುಮ್ನಿರ್ತವೆ, ಹೊರಗಿಂದಾದ್ರೆ ಹೊಡೀತವೆ. ಹಾಗೆ ಹೊಡೀತಿರೋದ್ರಿಂದಲೇ ನೀವು ಕೂಸಾಗಿದ್ದಾಗಿನ ಜ್ವರಗಳನ್ನೆಲ್ಲ ದಾಟಿ ಬಂದಿದ್ದು. ಈಗ ಅವೇ ಕಣಗಳು ಅಣ್ಣನ ಕಿಡ್ನೀನ ಹೊಡೀತಿವೆ."

"ನಾನು ಇವಳ ಸ್ವಂತ ಅಣ್ಣ ಡಾಕ್ಟ್ರೇ. ಒಂದೇ ತಾಯಿ, ಒಂದೇ ತಂದೆ," ಅಂದೆ.

"ನಿಮ್ಮಿಬ್ಬರ ಗುರುತು ಅರ್ಧ ಹೊಂದುತ್ತೆ."

"ಅರ್ಧ ಹೊಂದಿದ್ರೆ ಬಿಡಬಾರದಾ?"

"ನಾನು ಬಿಡ್ತೀನಿ. ಅವಕ್ಕೆ ಹೇಳೋರ್ಯಾರು?"

ನನಗೆ ನಗಬೇಕೋ ಬೇಜಾರಾಗಬೇಕೋ ತಿಳಿಯಲಿಲ್ಲ. ಜ್ವರವನ್ನೂ ನನ್ನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದಂತಾಯಿತು. ಇನ್ನೊಮ್ಮೆ ರಕ್ತ ತೆಗೆಯುತ್ತೇವೆ, ಹೊರಗೆ ಕೂತಿರಿ ಎಂದರು.

ಹೊರಗಿನ ಬೆಂಚಿನಲ್ಲಿ ಕೂತ ಮೇಲೆ ಕೇಳಿದೆ. "ಮಾತ್ರೆ ಬಿಟ್ಟು ಎಷ್ಟು ದಿನ ಆಯ್ತೇ?"

"ಹದಿನೆಂಟು," ಅಂದಳು ಮೆಲ್ಲಗೆ.

"ಯಾಕೆ?"

"ಕೆಮ್ಮು ಬಿಡ್ತಿರಲಿಲ್ಲ ಅಣ್ಣ. ಆ ಮಾತ್ರೆ ಮೈ ಕಾಯೋ ಕಣಗಳನ್ನ ಮಲಗಿಸುತ್ತೆ ಅಂದಿದ್ರು. ಕೆಮ್ಮು ಒಳಗೆ ನುಗ್ಗಿದಾಗ ಅವನ್ನ ಎಬ್ಬಿಸೋದು ಬೇಡ್ವಾ? ಬಿಟ್ಟ ನಾಲ್ಕೇ ದಿನಕ್ಕೆ ಕೆಮ್ಮು ಹೋಯ್ತು."

"ಹೋಯ್ತಲ್ಲ. ಆಮೇಲೆ ಶುರು ಮಾಡ್ಬೇಕಿತ್ತು."

ಅವಳು ಸೆರಗಿನ ತುದಿ ಮಡಿಸಿದಳು, ಬಿಚ್ಚಿದಳು. "ಆರು ತಿಂಗಳು ಯಾರೂ ಕೇಳ್ಕೊಂಡು ಬರದ ಬಟ್ಟೇನ ನಾವೇನು ಮಾಡ್ತೀವಿ? ಹಳೇ ಗುರುತು ಬಿಚ್ಚಿ ನಮ್ಮದು ಹಾಕ್ತೀವಿ. ಈ ಕಿಡ್ನಿ ಏಳು ತಿಂಗಳಿಂದ ನನ್ನ ರಕ್ತದಲ್ಲೇ ಇದೆ. ನೀನಂತೂ ವಾಪಸ್ ಕೇಳಿಲ್ಲ. ಇಷ್ಟು ಹೊತ್ತಿಗೆ ನನ್ನದೇ ಆಗಿರುತ್ತೆ ಅಂದ್ಕೊಂಡೆ."

ಬಯ್ಯಲು ಬಾಯಿ ತೆರೆದೆ. ನಾನು ತೊಟ್ಟಿದ್ದ ಶರಟೇ ಹಾಗೆ ನಮ್ಮ ಮನೆಯದಾದದ್ದು. ಹದಿನೈದು ವರ್ಷದ ಹಿಂದೆ ಅವಳಿಗೆ ಆ ರೂಢಿ ಕಲಿಸಿದವನೂ ನಾನೇ. ಕೆಮ್ಮಿನ ಮಾತಂತೂ ನನಗೂ ಸರಿಯೆಂದೇ ತೋರಿತು. ಎಲ್ಲಾ ಸರಿಯಾಗಿಯೇ ಯೋಚಿಸಿದ್ದಾಳೆ. ಹಾಗಾದರೆ ಕಿಡ್ನಿ ಯಾಕೆ ಸಾಯುತ್ತಿದೆ?

ಎದ್ದೆ. ಅವಳು ತೋಳು ಹಿಡಿದಳು. "ಹೇಳಬೇಡ. ದಡ್ಡಿ ಅಂದ್ಕೋತಾರೆ."

"ಅಂದ್ಕೊಳ್ಳಲಿ ಬಿಡು."

ಡಾಕ್ಟರಮ್ಮ ಬಯ್ಯಲಿಲ್ಲ. ಬಟ್ಟೆಯ ವಿಷಯವನ್ನು ಎರಡು ಸಲ ಕೇಳಿ ತಿಳಿದುಕೊಂಡರು. "ಆ ಗುರುತು ದಾರದ್ದಲ್ಲ, ಬಿಚ್ಚೋಕಾಗಲ್ಲ. ಇಪ್ಪತ್ತು ವರ್ಷ ಆದ್ರೂ ಅದು ಅಣ್ಣನ ಕಿಡ್ನೀನೇ. ಕಣಗಳು ದಿನಾ ಹೊಸದಾಗಿ ನೋಡ್ತಾನೇ ಇರ್ತವೆ," ಎಂದವರು ಅಂದೇ ದಾಖಲು ಮಾಡಿಕೊಂಡರು. ಸೂಜಿಯಲ್ಲಿ ಕಿಡ್ನಿಯ ಚೂರು ತೆಗೆದು ನೋಡಿ, ಮೂರು ದಿನ ರಕ್ತನಾಳಕ್ಕೆ ಔಷಧಿ ಹರಿಸಿದರು.

ನನ್ನ ಹೆಂಡತಿ ಬಟ್ಟೆಗಂಟು ಹಿಡಿದು ಬಂದಳು. ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಬಾಗಿಲಲ್ಲೇ ನಿಲ್ಲಬೇಕೆಂದು ನರ್ಸ್ ತಡೆದರು. ಔಷಧಿ ಆ ಕಣಗಳನ್ನು ಮಲಗಿಸಿದೆ, ಈಗ ಗುಬ್ಬಿಗೆ ಸಣ್ಣ ಸೋಂಕೂ ತಗಲಬಾರದಂತೆ.

"ನಿನ್ನೆ ಮೈಕಾವಲು ಜಾಸ್ತಿ ಆಯ್ತು ಅಂದ್ರು. ಇವತ್ತು ಕಡಿಮೆ ಅಂತಾರೆ," ಎಂದು ಹೆಂಡತಿ ನನ್ನ ಕಿವಿಯಲ್ಲಿ ಗೊಣಗಿದಳು. "ಎಷ್ಟಿದ್ರೆ ಸರಿಯಂತೆ?"

"ರಕ್ತ ನೋಡಿ ಹೇಳ್ತಾರಂತೆ."

"ಅಂದ್ರೆ ಅವ್ರಿಗೂ ಅಂದಾಜೇ." ಆಮೇಲೆ ಒಳಗೆ ನೋಡಿ ದನಿ ಎತ್ತರಿಸಿದಳು. "ಏ ಗುಬ್ಬೀ, ಅಂಗಡಿಯಲ್ಲಿ ಬಟ್ಟೆಯೆಲ್ಲ ಕಲಸಿ ಹೋಗಿದೆ. ಬೇಗ ಎದ್ದು ಬಾ."

"ಅತ್ತಿಗೇ, ಮುಟ್ಟಬೇಡಿ ನೀವು. ಹಾಗೇ ಇರ್ಲಿ," ಅಂದಳು ಗುಬ್ಬಿ, ಸಪ್ಪಗೆ.

ಐದನೇ ದಿನ ಡಾಕ್ಟರಮ್ಮ ಚೀಟಿ ಹಿಡಿದು ಬಂದರು. ಕ್ರಿಯಾಟಿನಿನ್ ಇಳಿದಿತ್ತು. ಮೊದಲಿದ್ದಷ್ಟಕ್ಕಲ್ಲ. ಕಿಡ್ನಿಯ ಸ್ವಲ್ಪ ಭಾಗ ಹೋಯಿತು, ಉಳಿದದ್ದು ಕೆಲಸ ಮಾಡುತ್ತಿದೆ, ಮಾತ್ರೆ ಹೊತ್ತು ತಪ್ಪಿಸದಿದ್ದರೆ ವರ್ಷಗಟ್ಟಲೆ ಬರಬಹುದು ಎಂದರು.

"ಮತ್ತೆ ಕೆಮ್ಮು ಬಂದ್ರೆ?" ಗುಬ್ಬಿ ಕೇಳಿದಳು.

"ನನಗೆ ಫೋನ್ ಮಾಡಿ. ನೀವಾಗೇ ಯಾವುದನ್ನೂ ಬಿಡಬೇಡಿ."

ಅವರು ಹೋದ ಮೇಲೆ ಗುಬ್ಬಿ ಚಾವಣಿ ನೋಡುತ್ತಾ ಮಲಗಿದ್ದಳು. "ನನ್ನದು ಅಂದ್ಕೊಂಡ್ರೆ ಹಾಳಾಗುತ್ತೆ, ನಿನ್ನದು ಅಂತ ದಿನಾ ನೆನಪಿಟ್ಕೊಂಡ್ರೆ ಉಳಿಯುತ್ತೆ. ಇದ್ಯಾವ ನ್ಯಾಯ ಅಣ್ಣ?"

"ನನಗೂ ಗೊತ್ತಾಗ್ತಿಲ್ಲ. ತಗೋ, ನುಂಗು."

ಮಾತ್ರೆ ಬಾಯಿಗೆ ಹಾಕಿ ನೀರು ಕುಡಿದಳು. ನಾನು ಕದಲಲಿಲ್ಲ.

"ನುಂಗಿದೆ," ಅಂದಳು. ಅವಳ ಕಣ್ಣು ಎಲ್ಲಿದೆಯೆಂದು ನೋಡಿದೆ. ನನ್ನ ಮುಖದ ಮೇಲೇ ಇತ್ತು.

"ಬಾಯಿ ತೆಗಿ," ಅಂದೆ ಆದರೂ. "ನಾಲಿಗೆ ಎತ್ತು."