ಏಡಿಗೆ ಕಟ್ಟಿದ ಹುರಿ

ತುಂಗಭದ್ರೆಯ ಹಿನ್ನೀರಿನಲ್ಲಿ ಹಿಡಿದ ಮೀನು, ಏಡಿಗಳನ್ನು ಎರ್ರೆಮ್ಮ ಹಗರಿಬೊಮ್ಮನಹಳ್ಳಿಯ ಸಂತೆಗೆ ತಂದು ಮಾರುತ್ತಿದ್ದಳು. ಗಿರಾಕಿಯ ಕೈ ಕಚ್ಚಬಾರದೆಂದು ಏಡಿಯ ಮುಂದಿನ ಎರಡು ದೊಡ್ಡ ಕಾಲುಗಳನ್ನು ಮುರಿದೇ ಬುಟ್ಟಿಗೆ ಹಾಕುವುದು ಎಲ್ಲರ ರೂಢಿ. ಇಪ್ಪತ್ತು ವರ್ಷ ಅವಳೂ ಹಾಗೆಯೇ ಮಾಡಿದ್ದಳು.

೧೯೯೭ರ ಮಳೆಗಾಲದಲ್ಲಿ ಒಂದು ದಿನ ತಂಬ್ರಹಳ್ಳಿಯ ಹತ್ತಿರ ಬಸ್ಸು ಕೆಟ್ಟು ಎರಡು ತಾಸು ನಿಂತಿತು. ಎರ್ರೆಮ್ಮ ಸುಮ್ಮನೆ ಬುಟ್ಟಿಯೊಳಗೆ ನೋಡುತ್ತ ಕೂತಳು. ಒಂದು ಏಡಿ ತನ್ನ ಸಣ್ಣ ಕಾಲಿನಿಂದ ಮುರಿದ ಜಾಗವನ್ನು ಮುಟ್ಟುತ್ತಿತ್ತು. ಬಿಡುತ್ತಿತ್ತು, ಮತ್ತೆ ಮುಟ್ಟುತ್ತಿತ್ತು. ಬಸ್ಸು ಹೊರಡುವವರೆಗೂ ಅದೇ ಕೆಲಸ.

ಮರುವಾರದಿಂದ ಅವಳು ಮುರಿಯುವುದನ್ನು ಬಿಟ್ಟು, ಒಂದೊಂದು ಏಡಿಯ ಆ ಕಾಲುಗಳನ್ನೂ ಸೆಣಬಿನ ಹುರಿಯಿಂದ ಕಟ್ಟತೊಡಗಿದಳು.

ಗಂಡ ಹುಲುಗಣ್ಣ ರೇಗಿದ. "ಕಟ್ಕೋಂತ ಕುಂತ್ರ ಬಸ್ಸು ಹೋಗ್ತೈತಿ. ಹೆಂಗೂ ತಿನ್ನಾಕ ಒಯ್ತಾರ ಅದನ್ನ."

"ತಿನ್ನಲಿ. ಅಲ್ಲೀತನಕ ಮುರಕೊಂಡು ಯಾಕ ಬಿದ್ದಿರಬೇಕು?" ಅಂದಳು. ಅಂದಿನಿಂದ ಒಂದು ತಾಸು ಮೊದಲೇ ಏಳತೊಡಗಿದಳು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಬೊಮ್ಮಯ್ಯ ಮೇಷ್ಟ್ರು ಅವಳ ಹಳೆಯ ಗಿರಾಕಿ. ಹುರಿ ನೋಡಿ ನಕ್ಕರು.

"ಏಡಿಗೆ ನಮ್ಮಂಗ ಮೆದುಳು ಇಲ್ಲಕ್ಕ. ಅದಕ್ಕ ನೋವು ಗೊತ್ತಾಗಂಗಿಲ್ಲ."

"ಖರೇನ ಏನ್ರಿ ಸಾರ್? ನೀವು ಓದಿದೋರು. ಗ್ಯಾರಂಟಿ ಅಂತ ಹೇಳ್ರಿ, ನಾಳಿಂದನ ಮುರಿತೀನಿ. ನನಗೂ ಒಂದು ತಾಸು ನಿದ್ದಿ ಉಳೀತೈತಿ."

ಅವಳ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದಳು. ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದ ಮಾತು ಮೇಷ್ಟ್ರಿಗೆ ನೆನಪಿತ್ತು. ಅದನ್ನು ಯಾರು, ಹೇಗೆ ಕಂಡುಕೊಂಡರೆಂದು ಮಾತ್ರ ತಿಳಿದಿರಲಿಲ್ಲ.

"ಗ್ಯಾರಂಟಿ ಹೇಳಾಕ ಆಗಂಗಿಲ್ಲ," ಎಂದರು ಕೊನೆಗೆ.

"ನನಗೂ ಗೊತ್ತಿಲ್ರಿ. ಗೊತ್ತಿಲ್ದಾಗ ಮುರಿಯೋದು ಹೆಂಗ್ರಿ?"

ದೀಪಾವಳಿಯ ಹೊತ್ತಿಗೆ, ಹುರಿ ಕಟ್ಟುವಾಗ ದೊಡ್ಡ ಏಡಿಯೊಂದು ಅವಳ ಹೆಬ್ಬೆರಳನ್ನು ಹಿಡಿದು ಉಗುರೇ ಕಿತ್ತಿತು. ಇನ್ನು ಈ ಹುಚ್ಚು ಬಿಟ್ಟೀತೆಂದು ಹುಲುಗಣ್ಣ ಅಂದುಕೊಂಡ. ಅವಳು ಬೆರಳಿಗೆ ಬಟ್ಟೆ ಸುತ್ತಿಕೊಂಡು, "ಹಿಂದಿನಿಂದ ಒತ್ತಿ ಹಿಡ್ಕೋ, ಕಟ್ತೀನಿ," ಎಂದಳು. ಗೊಣಗುತ್ತಲೇ ಹಿಡಿದುಕೊಂಡ.

ಆ ವಾರ ಸಂತೆಯಲ್ಲಿ ಮೇಷ್ಟ್ರು ಅವಳ ಬೆರಳನ್ನು ನೋಡಿದರು, ಬುಟ್ಟಿ ತುಂಬ ಹುರಿ ಕಟ್ಟಿದ ಏಡಿಗಳನ್ನೂ ನೋಡಿದರು. ಈ ಸಲ ನಗಲಿಲ್ಲ. ನಾಲ್ಕು ಏಡಿ ಆರಿಸಿಕೊಂಡು ಕೇಳಿದರು:

"ನಮ್ಮ ಮನ್ಯಾಗ ಜೀವಂತನ ಕುದಿಯೋ ನೀರಿಗೆ ಹಾಕ್ತೀವಿ ಅಕ್ಕ. ನೀವು ಹೆಂಗ ಮಾಡ್ತೀರಿ?"

"ಒಂದ ಏಟಿಗೆ ಮುಗಸ್ತೀನ್ರಿ. ಬರ್ರಿ, ತೋರಸ್ತೀನಿ."

ಎರ್ರೆಮ್ಮ ಚಾಕು ತೆಗೆದಳು. ಇಸ್ತ್ರಿ ಪ್ಯಾಂಟು ಮಣ್ಣಾಗುವುದನ್ನೂ ಲೆಕ್ಕಿಸದೆ ಮೇಷ್ಟ್ರು ಅವಳೆದುರು ಕುಕ್ಕುರುಗಾಲಲ್ಲಿ ಕೂತು, ಚಾಕು ಎಲ್ಲಿ ಇಳಿಯಬೇಕೆಂಬುದನ್ನು ಗಮನವಿಟ್ಟು ಕಲಿತರು.