ಪಾಚಿಗೆ ಮೂರು ದಿನದ ಕತ್ತಲೆ

೦.

ಎಲ್ಲಿಂದ ಶುರು ಮಾಡುವುದು? ಮೊದಲ ವಾಕ್ಯದಲ್ಲೇ ಒಂದು ಮೀನು ಸತ್ತರೆ ನೀವು ಎರಡನೆಯ ವಾಕ್ಯಕ್ಕೆ ಬರುತ್ತೀರಿ ಎಂಬುದು ನನ್ನ ಅಂದಾಜು. ಹಾಗೆಂದು ಬರೆದೆ: ‘ಬೆಳಗ್ಗೆ ಎದ್ದಾಗ ಒಂದು ನಿಯಾನ್ ಟೆಟ್ರಾ ಹೊಟ್ಟೆ ಮೇಲಾಗಿ ತೇಲುತ್ತಿತ್ತು.’ ದೀಕ್ಷಿತಾ ಓದಿದಳು.

“ಯಾವ ಮೀನೂ ಸಾಯಲಿಲ್ಲ ಮಾರಾಯ್ರೆ. ಆರೂ ಉಂಟು. ಬೇಕಾದ್ರೆ ಎಣಿಸಿ.”

ಎಣಿಸಿದೆ. ಆರೂ ಇದ್ದವು. ಕರಡು ಹರಿದೆ.

೦. (ಮತ್ತೆ)

ದೀಕ್ಷಿತಾ ಈ ಕಥೆಯ ನಾಯಕಿ. ಉಡುಪಿಯವಳು, ಮೂವತ್ತೊಂದು ವರ್ಷ. ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುವ ಸ್ಪೀಚ್ ಥೆರಪಿಸ್ಟ್. ಬದುಕು ಹೊರದೇಶದಲ್ಲಿ. ಮಾಂಟ್ ಕಿಯಾರಾದಲ್ಲಿ ಅವಳು ಕೆಲಸ ಮಾಡುತ್ತಿದ್ದ ಕ್ಲಿನಿಕ್ಕು ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ಈಗ ಪುಚೊಂಗ್‌ನ ಒಂದು ಕಾಂಡೋದ ಹದಿನಾಲ್ಕನೆಯ ಮಹಡಿಯಲ್ಲಿ ಒಬ್ಬಳೇ ಇದ್ದಾಳೆ. ಗಂಡ ಕೌಸ್ತುಭ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುತ್ತಾನೆ. ವಾರವಿಡೀ ಅಲ್ಲಿನ ಕ್ವಾರ್ಟರ್ಸ್, ಶನಿವಾರ ಮನೆ. ೨೦೨೦ರ ಮಾರ್ಚ್ ಹದಿನೆಂಟಕ್ಕೆ ಲಾಕ್‌ಡೌನ್ ಬಂತು, ರಾಜ್ಯದ ಗಡಿ ದಾಟುವಂತಿಲ್ಲ ಎಂದಾಯಿತು. ಎರಡು ಗಂಟೆಯ ದಾರಿ. ಎರಡೂವರೆ ತಿಂಗಳಾಯಿತು. ಇವತ್ತು ಜೂನ್ ಒಂದು, ಸೋಮವಾರ.

(ಅನುವಾದಿತ ಕಾದಂಬರಿ ಓದೀ ಓದೀ ನನ್ನ ಪಾತ್ರಗಳೆಲ್ಲ ಕಿಟಕಿಯ ಹತ್ತಿರ ನಿಂತು ಸಿಗರೇಟು ಸೇದುತ್ತವೆ. ಇವಳನ್ನೂ ನಿಲ್ಲಿಸಲು ನೋಡಿದೆ. ಸೇದುವುದಿಲ್ಲ ಎಂದಳು. ಕಿಟಕಿಯ ಹತ್ತಿರ ಜಾಗವೂ ಇಲ್ಲ, ಬಟ್ಟೆ ಒಣಗುತ್ತಿದೆ.)

೧.

ಟ್ಯಾಂಕು ಕೌಸ್ತುಭನದು. ಲಾಕ್‌ಡೌನ್‌ಗೆ ಮುಂಚಿನ ಭಾನುವಾರ ತಂದ. ಎರಡಡಿಯ ಗಾಜು, ತಳದಲ್ಲಿ ಕಪ್ಪು ಮಣ್ಣು, ನಾಲ್ಕು ಬೇರು ಜಾವಾ ಫರ್ನ್ ಗಿಡ, ಆರು ನಿಯಾನ್ ಟೆಟ್ರಾ, ಪಾಚಿ ತಿನ್ನುತ್ತದೆಂದು ಇನ್ನೊಂದು ಮೀನು. ಹೊಸ ಟ್ಯಾಂಕಿನ ನೀರು ಹದಕ್ಕೆ ಬರಲು ಮೂರು ನಾಲ್ಕು ವಾರ ಬೇಕು, ಆಮೇಲಷ್ಟೇ ಮೀನು. ಅವನು ಅರ್ಧ ಗಂಟೆ ಕಾದ. ಸಂಜೆ ಬಸ್ಸು ಹತ್ತಿ ಹೋದ. ಮೀನು ಉಳಿಸಿದ್ದು ಇವಳು, ದಿನ ಬಿಟ್ಟು ದಿನ ನೀರು ಬದಲಿಸಿ.

ಅವನು ದಿನಕ್ಕೆ ಮೂರು ಸಲ ವಿಡಿಯೋ ಕಾಲ್ ಮಾಡುತ್ತಾನೆ. ಬೆಳಗ್ಗೆ ಎಂಟಕ್ಕೆ, ಊಟದ ಹೊತ್ತಿಗೆ, ಸಂಜೆ ಏಳಕ್ಕೆ. ಫೋನು ಟ್ಯಾಂಕಿನ ಎದುರು ನಿಲ್ಲಬೇಕು.

“ಎಡಗಡೆಯ ಫರ್ನ್‌ಗೆ ಎಂತದು ಕೂದಲಿನ ಹಾಗೆ?”

“ಪಾಚಿ.”

“ಫೀಡಿಂಗ್ ಜಾಸ್ತಿ ಆಗಿರ್ಬೇಕು. ಎರಡು ದಿನಕ್ಕೊಮ್ಮೆ ಹಾಕು. ಇನ್ನು ಹೊಸ ಮೀನು ತರುದಾದ್ರೆ ಬೆಟ್ಟಾ ಬೇಡ, ಏಂಜಲ್ ಬೇಡ, ಅದು ಟೆಟ್ರಾ ನುಂಗ್ತದೆ. ಹಾರ್ಲೆಕ್ವಿನ್ ರಸ್ಬೋರಾ ಆಗ್ತದೆ. ಸಣ್ಣದು, ಗುಂಪಿನಲ್ಲಿರ್ತದೆ, ಯಾರ ತಂಟೆಗೂ ಹೋಗುದಿಲ್ಲ. ಚಾರ್ಟ್ ಕಳಿಸ್ತೇನೆ.”

ಚಾರ್ಟ್ ಬಂತು. ಯಾವ ಮೀನಿನ ಜೊತೆ ಯಾವುದು ಹೊಂದುತ್ತದೆ. ಹಸಿರು ಚೌಕ, ಕೆಂಪು ಚೌಕ.

(ಮೀನೆಂದರೆ ಸಂಸಾರ, ಪಾಚಿ ಎಂದರೆ ಮೌನ ಎಂದು ಅಂಚಿನಲ್ಲಿ ಬರೆಯಲು ಪೆನ್ಸಿಲ್ ಎತ್ತಿದವರು ದಯವಿಟ್ಟು ಕೆಳಗಿಡಿ. ಬೆಳಕು ಹೆಚ್ಚಾದರೆ, ತಿಂಡಿ ಹೆಚ್ಚಾದರೆ, ಗಿಡ ಕಡಿಮೆಯಾದರೆ ಪಾಚಿ ಬರುತ್ತದೆ. ಅಷ್ಟೆ.)

ಪಾಚಿ ಯಾಕೆ ಬಂತೆಂದು ಮೀನು ಕೊಂಡ ಅಂಗಡಿಯ ಅಂಕಲ್‌ಗೆ ದೀಕ್ಷಿತಾ ಫೋಟೋ ಕಳಿಸಿದಳು. ಅವರು ಕೇಳಿದ್ದು ಒಂದೇ: ಲೈಟು ಎಷ್ಟು ಹೊತ್ತು?

ಹನ್ನೆರಡು ಗಂಟೆ. ಬೆಳಗ್ಗೆ ಅವನು ನೋಡಬೇಕು, ಸಂಜೆಯೂ ನೋಡಬೇಕು. ನಡುವೆ ಆರಿಸುವುದು ಅವಳಿಗೆ ಮರೆತುಹೋಗುತ್ತದೆ.

“ಟೂ ಮಚ್ ಲಾ, ಮ್ಯಾಮ್,” ಎಂದು ಅಂಕಲ್ ಧ್ವನಿ ಸಂದೇಶ ಕಳಿಸಿದರು. “ಸಿಕ್ಸ್ ಅವರ್ಸ್ ಎನಫ್. ಫಸ್ಟ್ ಯು ಡು ಬ್ಲ್ಯಾಕೌಟ್. ತ್ರೀ ಡೇಸ್. ಕವರ್ ವಿತ್ ಬ್ಲ್ಯಾಂಕೆಟ್, ನೋ ಲೈಟ್, ನೋ ಫುಡ್, ನೋ ಪೀಪಿಂಗ್. ಫಿಶ್ ಓಕೆ. ಆಲ್ಜೀ ಡೈ.”

ಸೋಮವಾರ ಬೆಳಗ್ಗೆ ಅವನ ಕಾಲ್ ಮುಗಿದ ಮೇಲೆ ದೀಕ್ಷಿತಾ ಟ್ಯಾಂಕಿಗೆ ಕಂಬಳಿ ಹೊದೆಸಿದಳು. ಗುರುವಾರ ಬೆಳಗ್ಗೆಯವರೆಗೆ ಬೆಳಕಿಲ್ಲ, ತಿಂಡಿಯಿಲ್ಲ, ಇಣುಕುವಂತಿಲ್ಲ; ಪಾಚಿ ಸಾಯಬೇಕು.

೩.

(ಎರಡನೆಯ ಭಾಗದಲ್ಲಿ ನೆರೆಮನೆಯ ವಾಸಂತಿ ಅಕ್ಕ ಕರಿಬೇವು ತಂದುಕೊಟ್ಟು ಒಂದು ತಮಿಳು ಗಾದೆ ಹೇಳುತ್ತಿದ್ದರು. ಗಾದೆ ನಾನೇ ಕಟ್ಟಿದ್ದೆಂದು ಅವರಿಗೆ ತಿಳಿಯಿತು. ಭಾಗ ರದ್ದು.)

ಒಂದು ವಿಷಯ ನಿಮಗೆ ಹೇಳಬೇಕು, ಕೌಸ್ತುಭನಿಗೆ ಗೊತ್ತಿಲ್ಲ. ಲಾಕ್‌ಡೌನಿನಲ್ಲಿ ಸಿಕ್ಕಿಕೊಂಡವರನ್ನು ಊರಿಗೆ ಒಯ್ಯುವ ವಿಶೇಷ ವಿಮಾನಕ್ಕೆ ದೀಕ್ಷಿತಾ ಹೆಸರು ಕೊಟ್ಟಿದ್ದಾಳೆ. ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ಶನಿವಾರ ಹೊರಟು, ಹದಿನಾಲ್ಕು ದಿನ ಕ್ವಾರಂಟೈನ್ ಮುಗಿಸಿ, ಜೂನ್ ಇಪ್ಪತ್ತೆರಡಕ್ಕೆ ಸೇರಿಕೊಳ್ಳಬೇಕು. ಸೀಟು ಖಾಲಿ ಇದೆ, ಬರುತ್ತೀರಾ ಎಂದು ಈಮೇಲ್ ಬಂದಿದೆ. ಉತ್ತರಕ್ಕೆ ಗುರುವಾರ ಮಧ್ಯಾಹ್ನ ಹನ್ನೆರಡರವರೆಗೆ ಸಮಯ.

ಹೋಗುವುದೋ ಇರುವುದೋ? ಕಥೆ ಇಷ್ಟೇ. ಉಳಿದದ್ದು ನೀರು.

೪. ಸೋಮವಾರ, ಸಂಜೆ ಏಳು

“ಮಧ್ಯಾಹ್ನ ಕ್ಲಾಸಿತ್ತು, ಫೋನ್ ಮಾಡ್ಲಿಕ್ಕಾಗ್ಲಿಲ್ಲ. ಎಂತ, ಕ್ಯಾಮೆರಾ ಆಫಾ?”

“ಆನ್ ಉಂಟು. ಅದು ಕಂಬಳಿ. ಮೂರು ದಿನ ಬ್ಲ್ಯಾಕೌಟ್.”

“ನನ್ನತ್ರ ಕೇಳ್ಲಿಲ್ಲ.”

“ಪಾಚಿ ನಿನ್ನತ್ರ ಕೇಳಿ ಬಂತಾ?”

ಅವಳು ಫೋನು ತನ್ನ ಕಡೆ ತಿರುಗಿಸಿದಳು. ಎಷ್ಟೋ ದಿನಗಳ ಮೇಲೆ ಇಬ್ಬರ ಮುಖ ಎದುರುಬದುರಾಯಿತು. ಅವನು ಗಡ್ಡ ಬಿಟ್ಟಿದ್ದ. ಅದರ ಬಗ್ಗೆ ಏನಾದರೂ ಹೇಳು ಎಂದೆ ನಾನು. ಅವಳು ಹೇಳಲಿಲ್ಲ.

“ಊಟ ಆಯ್ತಾ?” ಅವನು ಕೇಳಿದ.

“ಏಳು ಗಂಟೆಗಾ?”

“ಅಲ್ಲ, ಮಧ್ಯಾಹ್ನದ್ದು.”

“ಆಯ್ತು. ಕೆಳಗಿನ ಮಾಮಕ್ ಹೋಟೆಲಿನಿಂದ ರೊಟಿ ತಪಾವ್ ಮಾಡಿ ಮನೆಗೆ ತಂದೆ.”

“ನಂದು ಮ್ಯಾಗಿ.”

ನಲವತ್ತು ನಿಮಿಷ ನಡೆಯುತ್ತಿದ್ದ ಕಾಲ್ ನಾಲ್ಕು ನಿಮಿಷಕ್ಕೆ ಮುಗಿಯಿತು. ಟ್ಯಾಂಕು ಮುಚ್ಚಿದರೆ ಈ ಇಬ್ಬರ ಹತ್ತಿರ ಮಾತೇ ಇಲ್ಲ. ಸಂಭಾಷಣೆ ಬರೆಯಬೇಕಾದ ನನ್ನ ಗತಿ ಯೋಚಿಸಿ.

೫. ಮಂಗಳವಾರ

ಇವತ್ತು ಅವಳೇ ಮೊದಲು ಮಾತಾಡಿದಳು.

“ಆ ಪಾಚಿ ಮೀನನ್ನು ಬಕೆಟಿಗೆ ಹಾಕಿದ್ದೇನೆ. ಕಂಬಳಿ ಹೊದೆಸುವ ಮೊದ್ಲೇ.”

“ಯಾಕೆ? ಚಾರ್ಟ್‌ನಲ್ಲಿ ಅದು ಹಸಿರಲ್ವಾ?”

“ಚಾರ್ಟ್‌ನಲ್ಲಿದ್ದದ್ದು ಬೇರೆ ಜಾತಿ. ಇದು ಸಣ್ಣದಿರುವಾಗ ಮಾತ್ರ ಪಾಚಿ ತಿನ್ನುದು. ಬೆರಳುದ್ದ ಬೆಳೆದ ಮೇಲೆ ಪಾಚಿ ಬಿಟ್ಟು ಬೇರೆ ಮೀನಿನ ಪಕ್ಕೆಗೆ ಬಾಯಿ ಹಚ್ಚಿ ಚೀಪ್ತದೆ. ಎರಡು ವಾರದಿಂದ ನೋಡ್ತಾ ಇದ್ದೇನೆ. ನಿನಗೆ ಸ್ಕ್ರೀನಲ್ಲಿ ಕಾಣುದಿಲ್ಲ.”

ಅವನು ನಕ್ಕ. ತಪ್ಪು ಮೀನು ತಂದವನ ನಗು. “ಮತ್ತೆ ಇನ್ನೆಂತೆಲ್ಲ ಮಾಡಿದ್ದಿ, ನಂಗೆ ಹೇಳದೆ?”

ತಮಾಷೆಗೆ ಕೇಳಿದ. ಇಲ್ಲಿ ಅವಳು ‘ಏನಿಲ್ಲ’ ಎನ್ನಬೇಕೆಂದು ನಾನು ಬರೆದಿದ್ದೆ. ಗುಟ್ಟು ಇನ್ನೆರಡು ಪುಟ ಎಳೆಯಬಹುದಿತ್ತು. ಅವಳು ನನ್ನ ಸಾಲನ್ನು ಪಕ್ಕಕ್ಕೆ ಸರಿಸಿ ಎಲ್ಲ ಹೇಳಿದಳು. ವಿಮಾನ, ಮಣಿಪಾಲ, ಗುರುವಾರ ಹನ್ನೆರಡು ಗಂಟೆ.

ಕೌಸ್ತುಭ ಗಡ್ಡ ಕೆರೆದುಕೊಂಡ. ಆಮೇಲೆ ಕೇಳಿದ: “ಮೀನುಗಳನ್ನು ಯಾರು ನೋಡಿಕೊಳ್ಳುದು?”

ಇದನ್ನು ನಾನು ಬರೆದದ್ದಲ್ಲ, ಆಣೆ ಹಾಕಿ ಹೇಳುತ್ತೇನೆ. ಅಳಿಸಲು ಹೋದೆ, ಅವಳು ತಡೆದಳು. “ಇರ್ಲಿ ಬಿಡಿ. ಅವನು ಹೇಳಿದ್ದು ಅದನ್ನೇ.” ಕಾಲ್ ಕತ್ತರಿಸಿದಳು.

೬. ಬುಧವಾರ

ಬೆಳಗ್ಗೆ ಕಾಲ್ ಬರಲಿಲ್ಲ. ಮಧ್ಯಾಹ್ನವೂ ಬರಲಿಲ್ಲ. ಅವಳು ಎರಡು ಸಲ ನೆಲ ಒರೆಸಿದಳು. ಬಕೆಟಿನ ಮೀನಿಗೆ ಬೇಯಿಸಿದ ಸೌತೆಕಾಯಿಯ ಹೋಳು ಹಾಕಿದಳು. ಕಂಬಳಿಯ ಅಂಚು ಹಿಡಿದು ಬಿಟ್ಟಳು.

ಏಳಕ್ಕೆ ಬಂತು.

“ನಿನ್ನೆ ಹಾಗೆ ಕೇಳಿದ್ದು ಸರಿಯಾಗ್ಲಿಲ್ಲ,” ಎಂದ. “ನಾನು ದಿನವಿಡೀ ಎಂತ ಮಾಡುದು ಗೊತ್ತುಂಟಾ? ಲ್ಯಾಪ್‌ಟಾಪಿನ ಎದುರು ನಿಂತು ಎಲುಬು ತೋರಿಸುದು. ನೂರಿಪ್ಪತ್ತು ಮಕ್ಕಳು, ಎಲ್ಲ ಕ್ಯಾಮೆರಾ ಆಫ್. ಕಪ್ಪು ಚೌಕ. ಯಾರಾದ್ರೂ ಇದ್ದಾರಾ, ಎದ್ದು ಹೋದ್ರಾ, ಗೊತ್ತಿಲ್ಲ. ನಿನಗೆ ಫೋನ್ ಮಾಡಿದ್ರೆ ಎಂತದೋ ಅಲ್ಲಾಡುದು ಕಾಣ್ತದೆ. ಅದಕ್ಕೆ ಟ್ಯಾಂಕ್ ತೋರಿಸು ಅಂತಿದ್ದೆ.”

“ನಾನೂ ಅಲ್ಲಾಡ್ತೇನೆ.”

“ಹೌದು.”

“ಇರು ಅಂತ ಹೇಳ್ತಿಯಾ?”

“ಇರು ಅಂದ್ರೆ ನೀನು ಇರ್ತಿ. ಆಮೇಲೆ ಹತ್ತು ವರ್ಷ ಅದನ್ನೇ ಹೇಳ್ತಿ.”

“ಹದಿನೈದು ವರ್ಷ,” ಎಂದಳು. ಇಬ್ಬರೂ ನಕ್ಕರು. ಇರು ಎಂದು ಅವನು ಹೇಳಲೇ ಇಲ್ಲ. ಅವನು ಒಳ್ಳೆಯವನೋ ಹೆದರುಪುಕ್ಕಲನೋ ನನಗೂ ಸ್ಪಷ್ಟವಿಲ್ಲ, ಅವಳಿಗೂ ಇರಲಿಲ್ಲ.

೭. ಗುರುವಾರ

ಎಂಟಕ್ಕೆ ಕಂಬಳಿ ತೆಗೆದಳು. ಅವನ ಕಾಲ್ ಬರಲಿಲ್ಲ. ಪಾಚಿಯ ಎಳೆಗಳು ಬೂದು ಬಣ್ಣಕ್ಕೆ ತಿರುಗಿ ಫರ್ನ್‌ನಿಂದ ಕಳಚಿ ತಳಕ್ಕೆ ಬಿದ್ದಿದ್ದವು. ಟೆಟ್ರಾಗಳು ಕತ್ತಲಲ್ಲಿ ಬಣ್ಣ ಕಳೆದುಕೊಂಡು ನೀರಿನಷ್ಟೇ ಬೆಳ್ಳಗಾಗಿದ್ದವು. ಅರ್ಧ ಗಂಟೆಯಲ್ಲಿ ನೀಲಿ ಗೆರೆ ಮೂಡಿತು. ಸತ್ತ ಪಾಚಿಯನ್ನು ಪೈಪಿನಿಂದ ಎಳೆದು, ಮೂರರಲ್ಲೊಂದು ಪಾಲು ನೀರು ಬದಲಿಸಿದಳು. ಹತ್ತೂವರೆಯಾಯಿತು.

ಮುಕ್ತಾಯಗಳು ಸಿದ್ಧವಿವೆ, ಆರಿಸಿಕೊಳ್ಳಿ.

ಅ) ಹೋಗುತ್ತಾಳೆ. ವಾಸಂತಿ ಅಕ್ಕ ಮೀನುಗಳಿಗೆ ದಿನಕ್ಕೆ ಐದು ಹೊತ್ತು ಊಟ ಹಾಕಿ ಪಾಚಿ ಬೆಳೆಸುತ್ತಾರೆ.

ಆ) ಇರುತ್ತಾಳೆ. ಅವನು ಬರುತ್ತಾನೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಮೊದಲು ಟ್ಯಾಂಕಿನ ಹತ್ತಿರ ಹೋಗುತ್ತಾನೆ.

ಇ) ಫೋನು ಬಾರಿಸುತ್ತದೆ, ಯಾರೂ ಎತ್ತುವುದಿಲ್ಲ, ಹೊರಗೆ ಸಮುದ್ರ. (ಪುಚೊಂಗ್‌ನಲ್ಲಿ ಸಮುದ್ರವಿಲ್ಲ ಎಂದು ದೀಕ್ಷಿತಾ.)

ನನ್ನ ಕಷ್ಟ ಬೇರೆ. ನಾನು ಇದನ್ನು ಬರೆಯುತ್ತಿರುವುದು ಎರಡು ವರ್ಷ ಕಳೆದ ಮೇಲೆ. ಜೂನ್ ಹತ್ತಕ್ಕೆ ರಾಜ್ಯದ ಗಡಿ ತೆರೆದದ್ದು ನನಗೆ ಗೊತ್ತು. ಇನ್ನು ಆರೇ ದಿನ. ಅವಳಿಗೆ ಗೊತ್ತಿಲ್ಲ. ಕಿವಿಯಲ್ಲಿ ಹೇಳಿಬಿಡಲೇ?

“ಎಂತದೋ ಬಚ್ಚಿಟ್ಟಿದ್ದೀರಿ ನೀವು,” ಎಂದಳು.

“ಒಂದು ತಾರೀಕು.”

“ಗಡಿಯದ್ದಾ?”

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

“ಹೇಳ್ಬೇಡಿ. ಗಡಿ ತೆಗೆದ್ರೂ ಅವನು ಶನಿವಾರವೇ ಬರುದು.”

ಲ್ಯಾಪ್‌ಟಾಪ್ ತೆರೆದಳು. ಹನ್ನೊಂದು ನಲವತ್ತು. ಈಮೇಲ್‌ಗೆ ಉತ್ತರ ಒತ್ತಿದಳು. ಬಿಳಿ ಚೌಕ ತೆರೆಯಿತು. ಆಗಲೇ ಕೌಸ್ತುಭನ ಸಂದೇಶ ಬಂತು. ಟ್ಯಾಂಕ್ ತೆರೆದಿಯಾ ಎಂದಿರಬೇಕು ಅಂದುಕೊಂಡೆ. ಅವಳ ಭುಜದ ಮೇಲಿಂದ ಬಗ್ಗಿ ಓದಿದೆ.

‘ಮಣಿಪಾಲದಲ್ಲಿ ನಿಂಗೆ ಎಷ್ಟು ವರ್ಷದ ಮಕ್ಕಳು ಸಿಗುದು?’

ಮದುವೆಯಾಗಿ ಐದು ವರ್ಷ. ಅವಳ ಕೆಲಸದ ಬಗ್ಗೆ ಅವನು ಹೀಗೆ ಕೇಳಿದ್ದನ್ನು ನಾನು ಎಲ್ಲೂ ಬರೆದಿಲ್ಲ.

ಅವಳು ಎರಡು ಸಲ ಓದಿದಳು. ಕನ್ನಡಕ ತೆಗೆದು ಚೂಡಿದಾರದ ತುದಿಯಿಂದ ಒರೆಸಿ ಹಾಕಿಕೊಂಡಳು. ಹನ್ನೊಂದು ಐವತ್ತೆರಡು.

“ಸ್ವಲ್ಪ ಹೊರಗೆ ಹೋಗ್ತೀರಾ?” ಎಂದಳು ನನಗೆ. ಆಮೇಲೆ ನಿಮ್ಮ ಕಡೆಗೂ ನೋಡಿದಳು. “ಅವರನ್ನೂ ಕರ್ಕೊಂಡು.”

ಹಾಗಾಗಿ ನಾವೀಗ ಕಾರಿಡಾರಿನಲ್ಲಿದ್ದೇವೆ. ಒಳಗೆ ಅವಳು ಟೈಪ್ ಮಾಡುತ್ತಿರುವುದು ಕೇಳಿಸುತ್ತದೆ. ಈಮೇಲ್‌ಗೋ, ಅವನಿಗೋ, ಹೊರಗಿನಿಂದ ಹೇಳಲಾಗದು. ಒಂದೇ ಸಮನೆ, ಉದ್ದಕ್ಕೆ. ಆರು ದಿನ ಆಚೆಯದು ಬಲ್ಲ ನನಗೆ ಈ ಎಂಟು ನಿಮಿಷ ಗೊತ್ತಿಲ್ಲ. ಬಾಗಿಲು ತಟ್ಟಬೇಡಿ.